ತಿದ್ದುಪಡಿ

ರಾತ್ರಿ ಹತ್ತೂಕಾಲಿಗೆ ಸುತ್ತೋಲೆ ಬಂತು, ಮಲಯಾಳದಲ್ಲಿ.
ಮೊನ್ನೆಯದನ್ನು ರದ್ದು ಮಾಡಿದ್ದು ನಿನ್ನೆಯದು,
ನಿನ್ನೆಯದರ ಮೂರನೇ ಕಲಮಿಗೆ ಇದು ತಿದ್ದುಪಡಿ.
ಅಡುಗೆಕೋಣೆಯ ಮೆಟ್ಟಿಲಲ್ಲಿ ಕೂತು ಸಿಸ್ಟರ್ ಬಿನ್ಸಿ ಓದುತ್ತಾಳೆ,
ನಾನು ಕನ್ನಡಕ್ಕಿಳಿಸುತ್ತೇನೆ
ಹಳೇ ಕ್ಯಾಲೆಂಡರಿನ ಬೆನ್ನಿಗೆ, ನೀಲಿ ಸ್ಕೆಚ್ ಪೆನ್ನಿನಲ್ಲಿ:
ಕೈ ತೊಳೆಯಿರಿ, ಹೊರಗಿನವರನ್ನು ಸೇರಿಸಬೇಡಿ,
ಆರಡಿ ಅಂತರ ಕಾಪಾಡಿ.

ಆರಡಿ ದೂರದಿಂದ ಸೆವ್ರಿನ್ ಬಾಯಿಗೆ
ಗಂಜಿ ಉಣಿಸುವ ಚಮಚ ಯಾವ ಅಂಗಡಿಯಲ್ಲುಂಟು?
ಅಂಗಡಿಯೂ ಹನ್ನೊಂದರಿಂದ ಐದರ ತನಕ.

ಹೊಸಂಗಡಿಯ ರೈಲ್ವೆ ಗೇಟು ಈಗ ಮುಚ್ಚುವುದೇ ಕಡಿಮೆ.
ಮುಚ್ಚಿದ್ದು ತಲಪಾಡಿ.
ಒಳದಾರಿಗಳಿಗೆ ಟಿಪ್ಪರಿನಲ್ಲಿ ತಂದು ಮಣ್ಣು ಸುರಿದಿದ್ದಾರಂತೆ.
ಮಂಗಳೂರು ಅರ್ಧ ಗಂಟೆಯ ದಾರಿ,
ಈಗ ಅದು ಬೇರೆಯೇ ದೇಶ.
ವಾರಕ್ಕೆರಡು ಸಲ ಅಲ್ಲಿಗೆ ರಕ್ತ ತೊಳೆಸಲು ಹೋಗುತ್ತಿದ್ದ ಬೀಪಾತುಮ್ಮ
ಹಸಿರು ಚೀಲ ತುಂಬಿಸಿ ಬಾಗಿಲ ಬಳಿ ಇಟ್ಟುಕೊಂಡಿದ್ದಾಳೆ.
'ಆಂಬ್ಯುಲೆನ್ಸು ಬಂತಾ ಮೋಳೇ?'
ಕಾಞಂಗಾಡಿಗೆ ಹೋಗುವಾ, ಅಲ್ಲಿಯೂ ಮೆಷಿನುಂಟು, ಎನ್ನುತ್ತೇನೆ.
ಉಂಟು. ಸರದಿಯೂ ಉಂಟು.

ದಿನಾ ಸಂಜೆ ನಮೂನೆ ತುಂಬಿ ಕಳಿಸಬೇಕು.
ಒಟ್ಟು ನಿವಾಸಿಗಳು ಹತ್ತೊಂಬತ್ತು. ಜ್ವರ ಸೊನ್ನೆ.
ಕೆಮ್ಮು ಒಂದು.
ಅದು ದೂಮಣ್ಣನದು, ಬೀಡಿಯದು, ಇಪ್ಪತ್ತು ವರ್ಷ ಹಳತು,
ಹಳೇ ಕೆಮ್ಮಿಗೆ ಕಾಲಂ ಇಲ್ಲ.

ಬಟ್ಯಪ್ಪಣ್ಣನಿಗೂ ಇಲ್ಲ.
ಕಾಸರಗೋಡಿನ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವರು.
ಕಿವಿ ಹೋದದ್ದು ಯಂತ್ರದ ಗಲಾಟೆಗೋ ಅದಕ್ಕಿಂತ ಮೊದಲೋ,
ಫೈಲಿನಲ್ಲಿ ಬರೆದಿಲ್ಲ.
ತುಟಿ ನೋಡಿ ತಿಳಿಯುತ್ತಾರೆ:
ತುಳು ಬೇಗ, ಕನ್ನಡ ಸ್ವಲ್ಪ ತಡ,
ಮಲಯಾಳವಾದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ.
ಏಪ್ರಿಲ್ ಮೊದಲ ವಾರ
ನಮಗೆ ಯಾರಿಗೂ ತುಟಿ ಇಲ್ಲವಾಯಿತು.

ನಾಲ್ಕು ದಿನ ಅವರು ತಟ್ಟೆ ದೂಡಿದರು.
ಎಲ್ಲರೂ ತನ್ನೊಡನೆ ಮಾತು ಬಿಟ್ಟರು ಅಂದುಕೊಂಡರೋ ಏನೋ.
ಐದನೇ ದಿನ ನಾನು ಹೊರಗೆ ಹೋಗಿ
ಬಾವಿಕಟ್ಟೆಯ ಬದಿಯಿಂದ ಸುತ್ತಿ
ಅವರ ಕಿಟಕಿಯ ಗಾಜಿಗೆ ಮುಖ ಕೊಟ್ಟು ನಿಂತೆ,
ಮಾಸ್ಕು ಗಲ್ಲಕ್ಕಿಳಿಸಿ, ಸ್ವರವೇ ಇಲ್ಲದೆ ಕೇಳಿದೆ:
ಉಣಸ್ ಆಂಡಾ?
ಇದು ಯಾವ ಕಲಮಿನಲ್ಲೂ ಇಲ್ಲ, ಸಿಸ್ಟರಿಗೂ ಹೇಳಲಿಲ್ಲ.
ಅವರು ನನ್ನ ಬಾಯಿಯನ್ನೇ ನೋಡಿದರು,
ಬಹಳ ಹೊತ್ತು,
ಕರಡಚ್ಚು ನೋಡುವ ಹಾಗೆ.

ಮರುದಿನ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನ ತುಂಬ ಪೆನ್ಸಿಲು.
'ಮಾಸ್ಕು ದರಿಸಿ'ಯ ದಕಾರಕ್ಕೆ ಹೊಟ್ಟೆ ಸೀಳಿದ್ದಾರೆ.
'ಸಂದರ್ಷಕ'ರಲ್ಲಿ ಷ ಹೊಡೆದು ಶ.
'ಅಂತರ ಕಾಪಾಡಿ'ಯಲ್ಲಿ ತಪ್ಪೇನೂ ಇಲ್ಲ,
ಆದರೂ ಕೆಳಗೆ ಎರಡು ಗೆರೆ, ಅಂಚಿನಲ್ಲೊಂದು ಪ್ರಶ್ನೆ:
'ಅಂತರವನ್ನು ಯಾಕೆ ಕಾಪಾಡುವುದು? ಅದಕ್ಕೆಂತ ಕಾಯಿಲೆ?'
ನಾನು ನಕ್ಕೆ. ಮಾಸ್ಕಿನೊಳಗೆ.
ಅವರಿಗೆ ಕಂಡಿತು, ಕಣ್ಣಿನಿಂದಲೇ ಓದಿಕೊಂಡರು.

ಗುರುವಾರದ ನಮೂನೆ:
ಒಟ್ಟು ನಿವಾಸಿಗಳು ಹದಿನೆಂಟು.
ಜ್ವರ ಸೊನ್ನೆ. ರೋಗದಿಂದ ಮರಣ ಸೊನ್ನೆ.
ಅದು ಸುಳ್ಳಲ್ಲ.
ಕಾಞಂಗಾಡಿನ ಸರದಿ ಶನಿವಾರಕ್ಕೆ ಸಿಕ್ಕಿತ್ತು.
ಹಸಿರು ಚೀಲವನ್ನು ಯಾವ ಕಾಲಮಿನಲ್ಲಿ ಬರೆಯಲಿ ಅಂತ ಬಿನ್ಸಿಯನ್ನು ಕೇಳಿದೆ.
ಅವಳು ಪೆನ್ನು ತೆಗೆದುಕೊಂಡು ತಾನೇ ಸಹಿ ಮಾಡಿದಳು,
ಮಲಯಾಳದಲ್ಲಿ ಏನೋ ಅಂದಳು, ನಾನು ಕನ್ನಡಕ್ಕಿಳಿಸಲಿಲ್ಲ.

ಹತ್ತೂಕಾಲಿಗೆ ಮತ್ತೆ ಫೋನು ನಡುಗಿತು.
ಮೂರನೇ ಕಲಂ ಮತ್ತೆ ಬದಲು.
ಜುಲೈ ತಿಂಗಳನ್ನು ಹರಿದು ಕವುಚಿ ಹಾಕಿ
ಈ ಸಲ ದೂರ ದೂರ ಬರೆಯುತ್ತಿದ್ದೇನೆ,
ಸಾಲಿಗೂ ಸಾಲಿಗೂ ನಡುವೆ
ಒಂದು ಪೆನ್ಸಿಲು ಓಡಾಡುವಷ್ಟು
ಜಾಗ ಬಿಟ್ಟು.